ಕಟ್ಟು ಬೀಳುವ ಮೊದಲು ಕಂಡ ನೀರು

ಪವಿತ್ರಾ, ಮನು,

ಕಳೆದ ವಾರ ನಮ್ಮ ಹಿಂದಿನ ಸೈಟಿನಲ್ಲಿ ಕೊಳವೆಬಾವಿ ಕೊರೆದಾಗ ನೀವಿಬ್ಬರೂ ಕಿವಿ ಮುಚ್ಚಿಕೊಂಡು ಒಳಗೆ ಓಡಿದಿರಿ. ನಾನು ಕಿಟಕಿಯ ಹತ್ತಿರವೇ ನಿಂತಿದ್ದೆ. ಲಾರಿಯ ಬುಡದಿಂದ ಕೆಸರು ಹರಿದು ನಮ್ಮ ಕಾಂಪೌಂಡಿನ ತನಕ ಬಂತು. ಅದರ ವಾಸನೆ ಮೂಗಿಗೆ ಬಡಿಯಿತು. ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆಯಲ್ಲ ಅದು. ಬಿಸಿಲನ್ನೇ ಕಾಣದ ಮಣ್ಣಿನದು, ತಣ್ಣಗೆ, ಸ್ವಲ್ಪ ತುಕ್ಕಿನ ಹಾಗೆ. "ಅಜ್ಜಿ, ಯಾಕೆ ಕಣ್ಣೊರೆಸ್ಕೊಳ್ತಿದ್ದೀಯ?" ಎಂದು ಮನು ಕೇಳಿದ. ಧೂಳು ಅಂದೆ. ಧೂಳಲ್ಲ. ನಾಲ್ಕು ಜನ ಕೂತರೆ ನನ್ನ ಮಾತು ಗಂಟಲಲ್ಲೇ ನಿಲ್ಲುತ್ತದೆ. ನಿಮ್ಮ ತಾತ ಇದ್ದಾಗ ಎಲ್ಲ ಮಾತನ್ನೂ ಅವರೇ ಆಡುತ್ತಿದ್ದರು. ಅದಕ್ಕೇ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಕಲಿತ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಆಗ ಕೊಡಗು ಇನ್ನೂ ಮೈಸೂರಿಗೆ ಸೇರಿರಲಿಲ್ಲ. ಅದೇ ಒಂದು ರಾಜ್ಯ. ಮಂತ್ರಿಗಳೂ ಕಚೇರಿಗಳೂ ಮಡಿಕೇರಿಯಲ್ಲೇ. ನಮ್ಮ ಊರು ಉತ್ತರದ ತುದಿಯಲ್ಲಿ, ಹಾಸನದ ಸೀಮೆಗೆ ತಾಗಿಕೊಂಡಿತ್ತು. ದಿಬ್ಬದ ಮೇಲೆ ಊರು, ಕೆಳಗೆ ಗದ್ದೆ, ನಡುವೆ ಒಂದು ಮಗ್ಗುಲಿಗೆ ನಮ್ಮ ಕೇರಿ. ಊರಿನವರು ನಮ್ಮನ್ನು ಕರೆಯುತ್ತಿದ್ದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಶಾಲೆಯ ಕಾಗದದಲ್ಲಿ ಪರಿಶಿಷ್ಟ ಜಾತಿ ಎಂದಿದೆ, ಅಷ್ಟು ಸಾಕು.

ಕೇರಿಯ ಮನೆಗಳೆಲ್ಲ ನಿಂತದ್ದು ಪಟೇಲರ ಜಾಗದಲ್ಲಿ. ಅವರ ಗದ್ದೆ ಉಳುವುದು, ಗೊಬ್ಬರ ಹೊರುವುದು, ನಾಟಿ, ಕೊಯ್ಲು, ಒಕ್ಕಣೆ ಎಲ್ಲ ನಮ್ಮದು. ಕಣ ಮುಗಿದ ಮೇಲೆ ಭತ್ತ ಅಳೆದು ಕೊಡುತ್ತಿದ್ದರು, ಯುಗಾದಿಗೆ ಒಂದು ಬಟ್ಟೆ. ನಮ್ಮಪ್ಪ ಬೋರಯ್ಯ ಊರಿನ ಕುಳವಾಡಿ. ಊರಿಗೆ ಏನೇ ತಿಳಿಸಬೇಕಿದ್ದರೂ ತಮಟೆ ಬಡಿದು ಸಾರು ಹಾಕುವುದು ಅವರ ಕೆಲಸ. ದೇವರ ಕೆಲಸಕ್ಕೂ ಅವರ ತಮಟೆಯೇ ಮುಂದು. ಆದರೆ ಗುಡಿಯ ಬಾಗಿಲಿಂದ ಅವರು ನಿಲ್ಲುತ್ತಿದ್ದ ಜಾಗಕ್ಕೆ ಇಡೀ ಅಂಗಳ ದೂರ.

ಕೇರಿಯಲ್ಲಿ ಬಾವಿ ಇರಲಿಲ್ಲ. ಕೊರಕಲಿನಲ್ಲಿದ್ದ ಒಂದು ಒರತೆ ಶಿವರಾತ್ರಿಯ ತನಕ ಬರುತ್ತಿತ್ತು. ಅಲ್ಲಿಂದ ಮುಂಗಾರಿನವರೆಗೆ ಊರ ಬಾವಿಯೇ ಗತಿ. ಬಾವಿಯ ಕಟ್ಟೆಯಿಂದಾಚೆ ಒಂದು ಚಪ್ಪಡಿ ಕಲ್ಲಿತ್ತು. ನಮ್ಮ ಹೆಂಗಸರು ಮಡಕೆಯನ್ನು ಅದರ ಮೇಲಿಟ್ಟು ದೂರ ಸರಿದು ನಿಲ್ಲಬೇಕು. ಮೇಲಿನ ಮನೆಯ ಹೆಂಗಸು ಯಾರಾದರೂ ತನಗೆ ಬೇಕಾದಷ್ಟು ಸೇದಿಕೊಂಡ ಮೇಲೆ ನಮಗೂ ಒಂದು ಕೊಡ ಸೇದಿ, ಮಡಕೆಗೆ ತಾಗದ ಹಾಗೆ ಎತ್ತರದಿಂದ ಉಯ್ಯುತ್ತಿದ್ದಳು. ಅರ್ಧ ಒಳಗೆ ಬೀಳುತ್ತಿತ್ತು, ಅರ್ಧ ಕಲ್ಲಿನ ಪಾಲು.

ಉಯ್ಯುವುದಿಲ್ಲ ಎಂದು ಯಾರೂ ಹೇಳುತ್ತಿರಲಿಲ್ಲ. ಅದನ್ನು ನೀವು ತಿಳಿಯಬೇಕು. ಒಂದು ಬೇಸಗೆಯಲ್ಲಿ ಪಕ್ಕದ ಮನೆಯ ಸಣ್ಣಕ್ಕ ಗುಡ್ಡದಾಚೆಯ ಕಾಫಿ ಎಸ್ಟೇಟಿಗೆ ಕೆಲಸಕ್ಕೆ ಹೋದಳು. ಕೂಲಿ ಲೆಕ್ಕ ಬರೆಯುವ ಎಸ್ಟೇಟಿನ ರೈಟರು ಕೇರಿಗೇ ಬಂದು ಕರೆದಿದ್ದ. ಅಲ್ಲಿ ದಿನದ ಕೂಲಿ ಅವತ್ತೇ ಕೈಗೆ. ಮಾರನೆಯ ದಿನ ಸಣ್ಣಕ್ಕ ಕಲ್ಲಿನ ಮೇಲೆ ಮಡಕೆ ಇಟ್ಟು ನಿಂತಳು. ಒಬ್ಬಳು ಬಂದು ಸೇದಿಕೊಂಡು ಹೋದಳು. ಇನ್ನೊಬ್ಬಳು ಬಂದಳು. ಎಲ್ಲರಿಗೂ ಅವತ್ತು ಮನೆಯಲ್ಲಿ ಅವಸರ. ಬಿಸಿಲು ನೆತ್ತಿಗೆ ಬಂದರೂ ಮಡಕೆ ಒಣಗಿಯೇ ಇತ್ತು. ಕೊನೆಗೆ ಪಟೇಲರ ಸೊಸೆ ಬಂದು, "ಗದ್ದೆ ಕೆಲಸಕ್ಕೆ ಬರ್ಲಿಲ್ವಂತೆ ಸಣ್ಣೀ, ಮೈ ಹುಷಾರಿಲ್ವಾ?" ಎಂದು ನಯವಾಗಿ ಕೇಳಿದಳು. ಮರುದಿನದಿಂದ ಸಣ್ಣಕ್ಕ ಗದ್ದೆಗೆ ಹೋದಳು, ಮಡಕೆಯೂ ತುಂಬಿತು. ಅವಳ ನಾಲಿಗೆ ಮಾತ್ರ ಸುಮ್ಮನಿರಲಿಲ್ಲ. "ಎತ್ತಿಗೆ ಮೂಗುದಾರ ಹಾಕ್ತಾರೆ, ನಮ್ಗೆ ನೀರಿಂದು" ಎನ್ನುತ್ತಿದ್ದಳು.

ನಾನು ಹೇಳಹೊರಟ ವರ್ಷ ಒಕ್ಕಣೆ ನಡೆಯುವಾಗ ಮಡಿಕೇರಿಯಿಂದ ಜೀಪಿನಲ್ಲಿ ಇಬ್ಬರು ಬಂದರು. ಕೇರಿಯ ಅಂಚಿನಲ್ಲಿ ಯಾರಿಗೂ ಸೇರದ ಸರ್ಕಾರಿ ಪೈಸಾರಿ ಜಾಗವಿತ್ತು. ಅಲ್ಲಿ ನಮಗೊಂದು ಬಾವಿ ತೋಡಿಸಿಕೊಡುವುದಾಗಿ ಹೇಳಿದರು. ತೋಡುವವನನ್ನು ಸರ್ಕಾರ ಕಳಿಸುತ್ತದೆ, ಮಣ್ಣು ಹೊರುವುದು ಕೇರಿಯವರು. ಪಟೇಲರು ಅವರಿಗೆ ಕಾಫಿ ಕೊಟ್ಟು, "ಆಗ್ಬೇಕಾದ್ದೇ ಸ್ವಾಮಿ, ಬಡವರು" ಎಂದರು. ಪಟೇಲರು ಕೂಗಾಡುವವರಲ್ಲ, ಕೈ ಎತ್ತುವವರಲ್ಲ. ದೇವರೆಂದರೆ ಭಯ ಭಕ್ತಿ. ಬೈಯುವವರ ಮುಂದೆ ತಲೆ ತಗ್ಗಿಸಿ ನಿಂತು ರೂಢಿಯಿದ್ದ ನಮ್ಮವರಿಗೆ ಅವರ ಮೆತ್ತನೆಯ ಮಾತಿನ ಮುಂದೆ ಹೇಗೆ ನಿಲ್ಲಬೇಕೆಂದೇ ತಿಳಿಯುತ್ತಿರಲಿಲ್ಲ.

ಬಾವಿ ಬೇಡವೆಂದು ಅವರು ಒಂದು ದಿನವೂ ಹೇಳಲಿಲ್ಲ. ಕಣ ಮುಗಿದ ಮೇಲೆ ಬೇಲಿ ಕಟ್ಟುವುದಿತ್ತು. ಬೇಲಿಯಾದ ಮೇಲೆ ಸೌದೆ. ಸೌದೆಯಾದ ಮೇಲೆ ಕೊಟ್ಟಿಗೆಯ ಹುಲ್ಲು ಹೊದಿಸುವುದು. ಹೀಗೆ ಒರತೆ ಬತ್ತಿದ ಮೇಲೆಯೇ ನಮ್ಮ ಕೈ ಬಿಡುವಾದದ್ದು. ಬಾವಿ ತೋಡಲು ಬಂದವನು ಕುಂಞಿರಾಮ ಎಂಬ ಮಲೆಯಾಳಿ. ಕುಳ್ಳ, ಕಪ್ಪು, ಎಲೆಯಡಿಕೆಯ ಬಾಯಿ. ಕನ್ನಡ ಅರ್ಧ, ಅವನ ಭಾಷೆ ಅರ್ಧ. ಕೆಳಗಿನಿಂದ ಬಂದ ಮಣ್ಣನ್ನು ಹಿಡಿಯಲ್ಲಿ ಹಿಸುಕಿ ಮೂಸಿ ನೋಡಿ, "ನೀರ್ ಉಂಟು. ಪೇಡಿ ಬೇಡ ಅಮ್ಮಾ" ಎನ್ನುತ್ತಿದ್ದ. ಪೇಡಿ ಎಂದರೆ ಹೆದರಿಕೆಯೆಂದು ನಮಗೆ ಆಮೇಲೆ ತಿಳಿಯಿತು. ನಾನೂ ಒಂದು ಚಿಟಿಕೆ ಮೂಸುತ್ತಿದ್ದೆ. ಆ ವಾಸನೆಯೇ ಮಕ್ಕಳೇ ನಾನು ಹೇಳಿದ್ದು.

ಪಟೇಲರ ಕೆಲಸ ಮುಗಿಸಿ ಬಂದು ಸಂಜೆಯ ಬೆಳಕಿರುವ ತನಕ ಅಗೆತ. ಗಂಡಸರು ಹಗ್ಗ ಎಳೆದು ಬುಟ್ಟಿ ಮೇಲಕ್ಕೆ ತರುವರು, ಹೆಂಗಸರು ಹೊತ್ತು ಆಚೆ ಸುರಿಯುವರು. ಬೇಸಗೆಯ ರಜೆ ಬಂದಿದ್ದರಿಂದ ನಾನೂ ಹೊರುತ್ತಿದ್ದೆ. ಮಣ್ಣು ಸಡಿಲ. ನೀರು ಸಿಕ್ಕಿ ಸುತ್ತ ಕಲ್ಲು ಕಟ್ಟುವವರೆಗೂ ಕುಸಿಯುವ ಭಯ. ಆ ದಿನಗಳಲ್ಲಿ ಕೊಡಗಿನ ತೋಟದವರೆಲ್ಲ ಆಕಾಶ ನೋಡುತ್ತ ಹೂಮಳೆಗೆ ಕಾಯುತ್ತಾರೆ. ಆ ಮಳೆ ಬಿದ್ದರೇ ಕಾಫಿ ಹೂಬಿಡುವುದು. ಇಡೀ ಸೀಮೆ ಮಳೆ ಬರಲಿ ಅನ್ನುತ್ತಿದ್ದಾಗ ನಮ್ಮ ಕೇರಿಯೊಂದು ಮಳೆ ಬಾರದಿರಲಿ ಎಂದು ಬೇಡಿಕೊಳ್ಳುತ್ತಿತ್ತು. ಪಡುವಣ ದಿಕ್ಕಿನಲ್ಲಿ ಗುಡುಗಿದರೆ ಅವ್ವ ಕೈಯಲ್ಲಿದ್ದದ್ದನ್ನು ಬಿಟ್ಟು ಹೊರಗೆ ಬಂದು ನಿಲ್ಲುತ್ತಿದ್ದಳು.

ಆದರೆ ಅಡ್ಡಿ ಬಂದದ್ದು ಮಳೆಯಿಂದಲ್ಲ.

ನಮ್ಮ ಊರಲ್ಲಿ ಸುಗ್ಗಿ ಹಬ್ಬಕ್ಕೆ ಮೊದಲು ಊರಿಗೆ ಕಟ್ಟು ಬೀಳುತ್ತಿತ್ತು. ಕುಳವಾಡಿ ತಮಟೆ ಬಡಿಯುತ್ತ ಗಡಿ ಸುತ್ತಿ ಸಾರು ಹಾಕಿದ ಹೊತ್ತಿನಿಂದ ಹಸಿ ಎಲೆ ಕೀಳುವಂತಿಲ್ಲ, ಮರಕ್ಕೆ ಕತ್ತಿ ಹಾಕುವಂತಿಲ್ಲ, ಮಣ್ಣಿಗೆ ಹಾರೆ ಗುದ್ದಲಿ ತಾಗಿಸುವಂತಿಲ್ಲ. ಹಬ್ಬ ಕಳೆದು ಮತ್ತೆ ತಮಟೆ ಬಡಿದು ಕಟ್ಟು ಬಿಚ್ಚುವಷ್ಟರಲ್ಲಿ ಮುಂಗಾರು ಬಾಗಿಲಲ್ಲಿರುತ್ತಿತ್ತು. ಇನ್ನೊಂದು ನಿಯಮವೂ ಇತ್ತು. ಕಟ್ಟು ಬೀಳುವಾಗ ಊರಿನಲ್ಲಿ ಬಾಯ್ತೆರೆದ ಮಣ್ಣು ಇರಬಾರದು. ಮನೆಯ ಪಾಯವಿರಲಿ, ಗಿಡದ ಗುಂಡಿಯಿರಲಿ, ಮುಗಿಸಬೇಕು ಇಲ್ಲವೇ ಮುಚ್ಚಬೇಕು. ಗಡಿ ಸುತ್ತುವ ಮೊದಲು ಕುಳವಾಡಿ ಗುಡಿಯ ಕಡೆಗೆ ತಿರುಗಿ, "ಊರ ಮಣ್ಣು ಬಾಯಿ ಮುಚ್ಕೊಂಡದೆ" ಎಂದು ಸಾಕ್ಷಿ ಹೇಳಬೇಕು. ಸುಳ್ಳು ಹೇಳಿದರೆ ಊರಿಗೆ ಸಿಡುಬು ಎಂಬ ನಂಬಿಕೆ. ಮೇಲಿನವರೂ ನಂಬಿದ್ದರು, ನಾವೂ ನಂಬಿದ್ದೆವು.

ಒಂದು ಸಂಜೆ ಪಟೇಲರು ಕೇರಿಯ ಅಂಚಿಗೇ ಬಂದರು. ಛತ್ರಿ ಊರಿಕೊಂಡು, ಗುಂಡಿಯಿಂದ ದೂರ ನಿಂತರು. ಅಪ್ಪ ಹೆಗಲ ಟವಲು ಕೈಗೆ ತೆಗೆದುಕೊಂಡು ಎದ್ದು ಹೋದರು. ನಾನು ಬುಟ್ಟಿ ಇಳಿಸಿ ಅಲ್ಲೇ ನಿಂತೆ.

"ಬೋರಾ, ಎಲ್ಲಿಗೆ ಬಂತ್ಲಾ?"

"ಆಳ ಇಳ್ದದೆ ಬುದ್ದಿ. ಮಣ್ಣು ತಂಪಾಗಿ ಅದೆ."

"ತಂಪು ಎಲ್ಲಾ ಮಣ್ಣಿಗೂ ಇರ್ತದೆ. ನೋಡು, ಹಿರೀಕರೆಲ್ಲ ಕೂತು ಮಾತಾಡಿದ್ವಿ. ನಾಳೆ ಹೊತ್ತು ಮುಳುಗೋ ಮುಂಚೆ ಕಟ್ಟು ಸಾರ್ಬೇಕು."

"ನಾಳೆನಾ? ಯಾವಾಗ್ಲೂ ಹುಣ್ಣಿಮೆ ಕಳ್ದ್ ಮ್ಯಾಲಲ್ವಾ ಬುದ್ದಿ?"

"ಪಕ್ಕದ ಸೀಮೇಲಿ ಅಮ್ಮ ಎದ್ದವ್ಳೆ ಅಂತಾರೆ. ಮುಂಚೇನೆ ಮಾಡಿದ್ರೆ ಊರಿಗೆ ಒಳ್ಳೇದು." ಅಮ್ಮ ಎಂದರೆ ಸಿಡುಬು.

ಅಪ್ಪ ಗುಂಡಿಯ ಕಡೆ ನೋಡಿದರು. "ಇದು ಬುದ್ದಿ?"

"ಅದನ್ನೇ ಹೇಳಾನ ಅಂತ ಬಂದೆ. ಬಾಯ್ತೆರೆದ ಮಣ್ಣಲ್ವಾ? ಮುಚ್ಚಿಬುಡು. ಮುಂದಿನ ವರ್ಷ ತೋಡ್ಕೊಂಡ್ರಾಯ್ತು. ನಾನೇನು ಬೇಡ ಅಂದ್ನಾ?"

ಅಪ್ಪ ಟವಲನ್ನು ಹಿಂಡಿದರು. ಆಮೇಲೆ ಕೇಳಿದರು: "ನೀರು ಕಂಡ್ರೆ ಬುದ್ದಿ?"

ಪಟೇಲರು ನಕ್ಕರು. "ನೀರು ಕಂಡ್ರೆ ಅದು ಗುಂಡಿ ಹೆಂಗಾಯ್ತದೋ? ಗಂಗಮ್ಮ. ಗಂಗಮ್ಮನ ಮುಚ್ಚು ಅಂತ ನಾನು ಹೇಳ್ತೀನಾ? ಒಂದು ಕೊಡ ಸೇದಿ ತೋರ್ಸಿ, ನಾನೇ ಕೈ ಮುಗೀತೀನಿ." ಎರಡು ಹೆಜ್ಜೆ ಹೋದವರು ತಿರುಗಿದರು. "ನಾಳೆ ಹೆಂಗಸ್ರೆಲ್ಲ ಗೊಬ್ಬರ ಹೊರಾಕೆ ಬರ್ಲಿ. ಗಂಡಸ್ರು ಗುಡಿ ಅಂಗಳ ಕೆತ್ತಾಕೆ. ಕಟ್ಟು ಬೀಳೋ ಮುಂಚೆ ಎರಡೂ ಆಗ್ಬೇಕು."

ಹೊತ್ತು ಕಂತುವ ಮೊದಲೇ ಕೇರಿಯವರು ನಮ್ಮ ಮನೆಯ ಮುಂದೆ ಸೇರಿದರು. ಗುಡಿಯ ಕೆಲಸಕ್ಕೆ ಗಂಡಸರು ಹೋಗದಿರುವಂತಿಲ್ಲ, ಅದು ದೇವರದು. ಉಳಿದದ್ದು ಹೆಂಗಸರು. ಗುಂಡಿಗೆ ಬಂದರೆ ನಾಳೆ ಊರ ಬಾವಿಯಲ್ಲಿ ನೀರು ಉಯ್ಯುವವರಿಲ್ಲ. ಗೊಬ್ಬರಕ್ಕೆ ಹೋದರೆ ಗುಂಡಿ ಮುಚ್ಚಿಹೋಗುತ್ತದೆ. ಮುಂದಿನ ವರ್ಷ ಎಂಬ ಮಾತನ್ನು ಯಾರೂ ನಂಬಲಿಲ್ಲ. ಜೀಪು ಇನ್ನೊಮ್ಮೆ ಬರುತ್ತದೆಂದು ಯಾರಿಗೆ ಗೊತ್ತು?

"ಒಂದು ದಿನದಲ್ಲಿ ನೀರು ಸಿಕ್ತದಾ ಕುಂಞಿರಾಮಣ್ಣ?" ಎಂದು ಅವ್ವ ಕೇಳಿದಳು.

ಕುಂಞಿರಾಮ ಎಲೆಯಡಿಕೆ ಉಗಿದು ಬಂದ. "ಕೆಳಗೆ ಒಂದು ಪಾರೆ ಉಂಟು. ಬಂಡೆ. ಅದು ಪೊಟ್ಟಿದ್ರೆ ಸಿಕ್ಕುಂ. ಪೊಟ್ಟದಿದ್ರೆ ಇಲ್ಲ."

"ಪೊಟ್ಟೋದು ಅಂದ್ರೆ?"

"ಒಡೆಯೋದು."

"ಒಡೀದಿದ್ರೆ ಸಣ್ಣಕ್ಕನ ಬಾಯಿ ಅದರ ಮೇಲಿಡಿ, ಒಡೀತದೆ" ಎಂದು ಯಾರೋ ಅಂದರು. ನಕ್ಕವರು ಕಡಿಮೆ. ಸಣ್ಣಕ್ಕನೂ ನಗಲಿಲ್ಲ. "ನಾಳೆ ಕುಡಿಯೋ ನೀರು ಇವತ್ತೇ ತಂದಿಟ್ಟುಕೊಂಡೋರು ಯಾರವ್ರೆ?" ಎಂದಳು. ಯಾರ ಮನೆಯಲ್ಲೂ ಇರಲಿಲ್ಲ. ನಾವು ಯಾವತ್ತೂ ಆ ದಿನದ ನೀರನ್ನು ಆ ದಿನ ಬೇಡಿದವರು.

ಅವ್ವ ನನ್ನ ತಂಗಿಯನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದಳು. ಕೂಸಿಗೆ ಆಗಿನ್ನೂ ವರ್ಷ ತುಂಬಿರಲಿಲ್ಲ, ಮೈ ಬೆಚ್ಚಗಿತ್ತು. "ನಾನಂತೂ ಗುಂಡಿಗೆ ಬತ್ತೀನಿ" ಎಂದಳು ಅವ್ವ. ಅಪ್ಪ ಅವಳ ಮುಖ ನೋಡಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಬೆಳಿಗ್ಗೆ ಯಾರು ಬರುತ್ತಾರೋ ಎಂದು ನಾವು ಗುಂಡಿಯ ಹತ್ತಿರ ನಿಂತು ನೋಡುತ್ತಿದ್ದೆವು. ಮೊದಲು ಸಣ್ಣಕ್ಕ ಬಂದಳು. ಆಮೇಲೆ ಒಬ್ಬೊಬ್ಬರೇ, ಸೆರಗು ಬಿಗಿದು, ಯಾರ ಜೊತೆಗೂ ಮಾತಾಡದೆ. ಕೊನೆಗೆ ಕೇರಿಯ ಹೆಂಗಸರಲ್ಲಿ ನಡೆಯಲಾಗದ ಮುದುಕಿಯರನ್ನು ಬಿಟ್ಟು ಎಲ್ಲರೂ ಇದ್ದರು. ಪಟೇಲರ ಗೊಬ್ಬರದ ರಾಶಿ ದಿಬ್ಬದ ಮೇಲೆ ಕಾಣುತ್ತಿತ್ತು. ಅದರ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಅದನ್ನು ನೋಡಿ ನಮಗೇ ಭಯವಾಯಿತು.

ಗಂಡಸರಿಲ್ಲದ್ದರಿಂದ ಹಗ್ಗವನ್ನೂ ಹೆಂಗಸರೇ ಎಳೆದರು. ಕೆಳಗಿನಿಂದ ಚಮ್ಮಟಿಗೆಯ ಸದ್ದು ಮಂಕಾಗಿ ಕೇಳುತ್ತಿತ್ತು. ಕಲ್ಲಿನ ಚೂರು ತುಂಬಿದ ಬುಟ್ಟಿಗಳು ಬಂದವು, ಎಲ್ಲ ಒಣ ಚೂರು. ಬಿಸಿಲು ಏರಿದ ಹಾಗೆ ಬಾಯಿ ಒಣಗಿತು. ಒಂದಿಷ್ಟು ಗಂಜಿಯ ತಿಳಿ ಯಾರದೋ ಮನೆಯಿಂದ ಬಂತು. ಅದನ್ನು ಕುಂಞಿರಾಮನಿಗೆ ಇಳಿಸಿದರು. ಅವನು ಅರ್ಧ ಕುಡಿದು ಉಳಿದರ್ಧ ಮೇಲಕ್ಕೆ ಕಳಿಸಿದ.

ಕೂಸು ಅಳತೊಡಗಿತು. ಅವ್ವನ ಎದೆಯಲ್ಲಿ ಹಾಲಿರಲಿಲ್ಲ, ಅವಳೇ ಒಣಗಿದ್ದಳು. "ಚೊಂಬು ತಗೊಂಡು ಹೋಗು. ಕೂಸಿಗೆ ಅಂತ ಹೇಳು" ಎಂದು ನನ್ನನ್ನು ಊರ ಬಾವಿಗೆ ಕಳಿಸಿದಳು. ನಾನು ಚೊಂಬನ್ನು ಚಪ್ಪಡಿಯ ಮೇಲಿಟ್ಟು ಸರಿದು ನಿಂತೆ. ಪಟೇಲರ ಸೊಸೆ ನೀರು ಸೇದುತ್ತಿದ್ದಳು. ಅವಳಿಗೂ ಸೊಂಟದ ಮೇಲೆ ಕೂರುವ ಮಗುವಿತ್ತು.

"ಕೂಸಿಗೆ ಅಕ್ಕಾ. ಮೈ ಕಾಯ್ತದೆ" ಎಂದೆ. ಅಷ್ಟು ಹೇಳಲು ನಾನು ಎಷ್ಟು ಹೊತ್ತು ತೆಗೆದುಕೊಂಡೆನೋ.

ಅವಳು ಕೊಡ ಎತ್ತಿಕೊಂಡು ಚಪ್ಪಡಿಯ ತನಕ ಬಂದಳು. ಕೊಡ ಬಗ್ಗಿಸಿದಳು ಕೂಡ. ಆಗ ಎದುರಿನ ಮನೆಯ ಜಗಲಿಯಿಂದ ಅವಳ ಅತ್ತೆ ಕೆಮ್ಮಿದರು. ಬಗ್ಗಿದ ಕೊಡ ನೇರವಾಯಿತು. "ನಿಮ್ಮವ್ವನ ಕಳ್ಸು ಮಗ. ಒಂದು ಬುಟ್ಟಿ ಗೊಬ್ಬರ ಹೊತ್ತು ಹಾಕ್ಲಿ ಸಾಕು, ಚೊಂಬಲ್ಲ, ಕೊಡವೇ ಉಯ್ತೀನಿ" ಎಂದಳು. ಅವಳ ಕಣ್ಣು ನನ್ನ ಮೇಲಿರಲಿಲ್ಲ.

ಖಾಲಿ ಚೊಂಬು ತಂದೆ. ಅವ್ವ ಹಗ್ಗ ಹಿಡಿದಿದ್ದಳು. ಒಂದು ಬುಟ್ಟಿ ಸಾಕಂತೆ ಎಂದೆ. ಎಲ್ಲರೂ ಅವಳನ್ನೇ ನೋಡಿದರು. ಹೋಗು ಎಂದು ಸಣ್ಣಕ್ಕ ಮೆಲ್ಲಗೆ ಅಂದಳು, "ಕೂಸು ಕಣೇ, ಹೋಗು. ನಾವಿದ್ದೀವಿ." ಅವ್ವ ಹಗ್ಗ ಬಿಡಲಿಲ್ಲ. ಅವಳು ಹೋದರೆ ಇನ್ನೊಬ್ಬಳ ಕೂಸೂ ಅಳುತ್ತಿತ್ತು, ಅವಳೂ ಹೋಗಬೇಕಾಗುತ್ತಿತ್ತು. ಅದು ಅವಳಿಗೆ ಗೊತ್ತಿತ್ತು. ಕೂಸನ್ನು ನೇರಳೆ ಮರದ ನೆರಳಲ್ಲಿ ಮಲಗಿಸಿ, ಗಂಜಿಯ ಮಡಕೆಯ ತಳದ ತೇವದಲ್ಲಿ ಬಟ್ಟೆ ಒದ್ದೆ ಮಾಡಿ ಅದರ ಬಾಯಿಗಿಡಲು ನನಗೆ ಹೇಳಿದಳು. ಆ ಬಟ್ಟೆಯನ್ನು ಕೂಸು ಚೀಪುವುದನ್ನು ನೋಡುತ್ತ ನಾನು ಕೂತಿದ್ದೆ. ಸ್ವಲ್ಪ ಹೊತ್ತಿಗೆ ಅದು ಅಳುವುದನ್ನೂ ನಿಲ್ಲಿಸಿತು. ಅಳು ನಿಂತದ್ದು ಅಳುವಿಗಿಂತ ಹೆಚ್ಚು ಹೆದರಿಸಿತು.

ಬಿಸಿಲು ಇಳಿಮುಖವಾದಾಗ ಕೆಳಗಿನ ಸದ್ದು ಬದಲಾಯಿತು. ಮಂಕು ಸದ್ದು ಹೋಗಿ ಬಿರುಕಿನ ಸದ್ದು. ಮುಂದಿನ ಬುಟ್ಟಿ ಮೇಲೆ ಬಂದಾಗ ಅದರ ತಳದಿಂದ ತೊಟ್ಟಿಕ್ಕುತ್ತಿತ್ತು. ಸಣ್ಣಕ್ಕ ಬುಟ್ಟಿಯ ತಳಕ್ಕೆ ಅಂಗೈಯೊಡ್ಡಿ, ನೆಕ್ಕಿ, "ಮಣ್ಣು ಮಣ್ಣು" ಎಂದಳು. ಅವಳ ಗದ್ದದಿಂದ ಕೆಂಪು ನೀರು ಇಳಿಯಿತು.

ಅಷ್ಟರಲ್ಲಿ ಪಟೇಲರೂ ಹಿರಿಯರೂ ದಿಬ್ಬ ಇಳಿದು ಬಂದರು. ಹಿಂದೆ ಅಪ್ಪ, ಹೆಗಲಲ್ಲಿ ತಮಟೆ. ಚರ್ಮ ಬಿಗಿಯಾಗಲೆಂದು ಬೆಂಕಿಗೆ ಕಾಯಿಸಿ ತಂದಿದ್ದರು. ಬಂದವರು ಗೊಬ್ಬರದ ಮಾತೇ ಎತ್ತಲಿಲ್ಲ. ಪಟೇಲರು ಒದ್ದೆ ಮಣ್ಣಿನ ರಾಶಿ ನೋಡಿ, "ಇದು ಮಣ್ಣಿನ ಬೆವರು. ನೀರು ಅಂದ್ರೆ ಕೊಡ ಮುಳುಗ್ಬೇಕು" ಎಂದರು. "ಅವ್ನು ಮೇಲೆ ಬರ್ಲಿ. ಕೆಳಗಿಂದ ಕೈಯಲ್ಲಿ ತುಂಬ್ಸಿ ಕೊಡೋದಲ್ಲ. ಸೇದಿ ತೋರ್ಸಿ."

ಕುಂಞಿರಾಮ ಹಗ್ಗ ಹಿಡಿದು ಮೇಲೆ ಬಂದ. ಸೊಂಟದ ತನಕ ಕೆಸರು. ನೀರು ಕೂಡಲಿ ಎಂದು ಕಾದೆವು. ಬಿಸಿಲು ಗುಡ್ಡದ ನೆತ್ತಿಗೆ ತಾಗಿತ್ತು. ಹಿರಿಯರಲ್ಲೊಬ್ಬರು ಅದನ್ನೇ ನೋಡುತ್ತಿದ್ದರು. "ಈಗ ಬಿಡಿ" ಎಂದ ಕುಂಞಿರಾಮ. ಅವ್ವ ನಮ್ಮ ಮನೆಯ ಮಡಕೆಯ ಕೊರಳಿಗೆ ಹಗ್ಗ ಕಟ್ಟಿ ಇಳಿಬಿಟ್ಟಳು. ನೀರಿಗೆ ತಾಗಿದ ಸದ್ದು ಎಲ್ಲರಿಗೂ ಕೇಳಿತು. ಅವ್ವ ಎಳೆದಳು. ಮಡಕೆ ಮೇಲೆ ಬಂತು. ಹೊರಗೆ ಒದ್ದೆ, ಒಳಗೆ ಖಾಲಿ.

ಇನ್ನೊಮ್ಮೆ ಬಿಟ್ಟಳು. ಇಣುಕಿ ನೋಡಿದವರಿಗೆ ಮಡಕೆ ನೀರಿನ ಮೇಲೆ ಬಾತುಕೋಳಿಯಂತೆ ಕೂತಿರುವುದು ಕಂಡಿತು. ಹಗ್ಗ ಕುಲುಕಿದರೆ ಅತ್ತಿತ್ತ ಹೋಗುತ್ತಿತ್ತು, ಮುಳುಗುತ್ತಿರಲಿಲ್ಲ. ಮತ್ತೆ ಖಾಲಿ. ಸಣ್ಣಕ್ಕ ಹಗ್ಗ ಕಸಿದುಕೊಂಡು ತಾನು ಬಿಟ್ಟಳು. ಅವಳದ್ದೂ ಖಾಲಿ.

ಹಿರಿಯರಲ್ಲೊಬ್ಬರು ನಕ್ಕರು. "ಗಂಗಮ್ಮ ಒಲೀಲಿಲ್ಲ ಕಣ್ಲಾ ಬೋರಾ."

ನೀರಿತ್ತು. ನೀರು ಕಾಣುತ್ತಿತ್ತು. ಆದರೆ ನಮ್ಮ ಕೇರಿಯ ಹೆಂಗಸರಲ್ಲಿ ಒಬ್ಬಳೂ ಹುಟ್ಟಿದಾಗಿನಿಂದ ಬಾವಿಯಲ್ಲಿ ನೀರು ಸೇದಿದವಳಲ್ಲ. ಇನ್ನೊಬ್ಬರು ಸೇದುವುದನ್ನು ದಿನವೂ ದೂರದಿಂದ ನೋಡಿದ್ದರು. ಹಗ್ಗ ಇಳಿಯುವುದು ಕಂಡಿತ್ತು, ಕೊಡ ತುಂಬಿ ಬರುವುದು ಕಂಡಿತ್ತು. ಕಟ್ಟೆಯೊಳಗೆ, ಕೆಳಗೆ, ಕೊಡಕ್ಕೆ ಏನಾಗುತ್ತದೆ ಎಂಬುದನ್ನು ಬಗ್ಗಿ ನೋಡುವ ಹಕ್ಕು ಯಾರಿಗೂ ಇರಲಿಲ್ಲ. ಅಲ್ಲಿ ನಿಂತಿದ್ದ ಹಿರಿಯರಿಗೂ ಅದು ಹೊಳೆಯಲಿಲ್ಲ. ಅವರ ಮನೆಗಳಲ್ಲೂ ನೀರು ಸೇದುತ್ತಿದ್ದದ್ದು ಹೆಂಗಸರೇ.

ತಿಳಿದದ್ದು ಕುಂಞಿರಾಮನಿಗೆ. ಮೊದಲು ಅವ್ವನ ಮುಖ ನೋಡಿದ, ಆಮೇಲೆ ಸಣ್ಣಕ್ಕನ ಕೈ ನೋಡಿದ. ಎಲೆಯಡಿಕೆ ಜಗಿಯುತ್ತಿದ್ದ ಅವನ ಬಾಯಿ ನಿಂತಿತು. ಹಗ್ಗ ಮುಟ್ಟದೆ, ಪಕ್ಕದಲ್ಲಿ ನಿಂತು ತನ್ನ ಕೈಯಲ್ಲಿ ತೋರಿಸಿದ. "ಅಮ್ಮಾ, ಬಿಗಿ ಹಿಡೀಬೇಡಿ. ಹಗ್ಗ ಸಡಿಲ ಬಿಡಿ. ಇನ್ನೂ. ಈಗ ಒಂದು ಕಡೆ ಹೀಗೆ ಎಳೆದು ಬಿಡಿ. ಮಡಕೆ ಮಲಗ್ಬೇಕು."

ಅವ್ವ ಹಗ್ಗ ಸಡಿಲ ಬಿಟ್ಟಳು. ಮಣಿಕಟ್ಟಿನಿಂದ ಒಮ್ಮೆ ಎಳೆದು ಬಿಟ್ಟಳು. ಕೆಳಗೆ ಮಡಕೆ ಮಲಗಿತು. ಗುಳುಗುಳು ಎಂದು ಅದು ನುಂಗಿದ ಸದ್ದು ಮೇಲಕ್ಕೆ ಬಂತು. ಹಗ್ಗ ಒಮ್ಮೆಲೇ ಜಗ್ಗಿದ್ದಕ್ಕೆ ಅವ್ವ ಮುಗ್ಗರಿಸಿದಳು. ನೀರೊಳಗೆ ತುಂಬುವ ಮಡಕೆ ಹಾಗೆ ಹಠಾತ್ತನೆ ಭಾರವಾಗುತ್ತದೆಂದು ಅವಳ ಕೈಗೆ ಗೊತ್ತಿರಲಿಲ್ಲ. ಸಣ್ಣಕ್ಕ ಹಿಂದಿನಿಂದ ಅವಳ ಸೊಂಟ ಹಿಡಿದುಕೊಂಡಳು. ಹಾಗೇ ಇಬ್ಬರೂ ಸೇರಿ ಎಳೆದರು. ಕೆಂಪಗೆ, ಕದಡಿದ, ಕಂಠಮಟ್ಟ ನೀರು.

ಅವ್ವ ಮಡಕೆಯನ್ನು ಪಟೇಲರ ಮುಂದೆ ನೆಲದ ಮೇಲಿಟ್ಟು ಹಿಂದೆ ಸರಿದಳು. ಪಟೇಲರು ಅದನ್ನು ನೋಡಿದರು, ಗುಡ್ಡದ ಮೇಲಿನ ಬಿಸಿಲನ್ನು ನೋಡಿದರು. ಎಲ್ಲರೆದುರು ಆಡಿದ ಮಾತು. ಛತ್ರಿಯನ್ನು ಕಂಕುಳಿಗೆ ಸಿಕ್ಕಿಸಿ ಬಾವಿಯ ಕಡೆಗೆ ಕೈ ಮುಗಿದರು. "ಸಾರು ಹಾಕು" ಎಂದು ಅಪ್ಪನಿಗೆ ಹೇಳಿ ದಿಬ್ಬ ಹತ್ತಿದರು.

ಅಪ್ಪ ಗುಡಿಯ ಕಡೆಗೆ ತಿರುಗಿ, "ಊರ ಮಣ್ಣು ಬಾಯಿ ಮುಚ್ಕೊಂಡದೆ" ಎಂದರು. ತಮಟೆಯ ಸದ್ದು ಗದ್ದೆಯ ಅಂಚಿನಲ್ಲಿ ದೂರ ಹೋಗುತ್ತಿದ್ದಾಗ ನಾವು ಆ ನೀರನ್ನು ಬಟ್ಟೆಯಲ್ಲಿ ಸೋಸಿ, ತಿಳಿಯಾಗಲು ಬಿಟ್ಟು, ಕಾಯಿಸಿ ಆರಿಸಿ ಕೂಸಿಗೆ ಒಳಲೆಯಲ್ಲಿ ಹನಿಸಿದೆವು. ಕೂಸು ಕೆಮ್ಮಿತು, ನುಂಗಿತು, ಇನ್ನೂ ಬೇಕೆಂದು ಅತ್ತಿತು. ಅದೇ ನಿಮ್ಮ ಮೈಸೂರಿನ ಚಿಕ್ಕಜ್ಜಿ.

ಕಟ್ಟಿನ ದಿನಗಳಲ್ಲಿ ಕಲ್ಲು ಜೋಡಿಸಲು ಅಡ್ಡಿಯಿರಲಿಲ್ಲ, ಮಣ್ಣಿಗೆ ಕಬ್ಬಿಣ ತಾಗಬಾರದಷ್ಟೆ. ಹೂಮಳೆ ಬರುವಷ್ಟರಲ್ಲಿ ಬಾವಿಯ ಸುತ್ತ ಕಲ್ಲು ಏರಿತ್ತು. ಕುಸಿಯಲಿಲ್ಲ.

ಹಬ್ಬ ಕಳೆದು ಕಟ್ಟು ಬಿಚ್ಚಿದ ಮೇಲೆ ಪಟೇಲರು ಅಪ್ಪನನ್ನು ಕರೆಸಿದರು. ಆಗಲೂ ದನಿ ಏರಿಸಲಿಲ್ಲವಂತೆ. "ಈ ಸಲ ಗದ್ದೆಗೆ ಬೇರೆಯೋರ್ನ ನೋಡಿದ್ದೀನಿ ಬೋರಾ. ನಿನ್ ಮನೆ ಜಾಗದಲ್ಲಿ ಅವ್ರಿಗೆ ಗುಡ್ಲು ಹಾಕ್ಬೇಕು" ಎಂದರಂತೆ. ಕುಳವಾಡಿಕೆ ಅಪ್ಪನ ದಾಯಾದಿಗೆ ಹೋಯಿತು. ತಮಟೆ ಊರಿನದು, ಅದನ್ನೂ ಕೊಟ್ಟು ಬಂದರು. ಗುಡ್ಡದಾಚೆಯ ಎಸ್ಟೇಟು ಪಟೇಲರ ನೆಂಟರದು, ಅಲ್ಲಿ ನಮಗೆ ಕೆಲಸವಿಲ್ಲವೆಂದು ರೈಟರೇ ಹೇಳಿದ. ಮುಂಗಾರಿಗೆ ಮೊದಲು ನಾವು ಊರು ಬಿಟ್ಟೆವು. ಹೊರಟ ದಿನ ಕೇರಿಯವರು ಬಾಗಿಲಲ್ಲಿ ನಿಂತು ನೋಡಿದರು. ಯಾರೂ ಪಟೇಲರ ಹತ್ತಿರ ಒಂದು ಮಾತು ಆಡಿರಲಿಲ್ಲ. ಅವರ ಮನೆಗಳೂ ಅದೇ ಜಾಗದಲ್ಲಿದ್ದವಲ್ಲ. ಸಣ್ಣಕ್ಕ ಮಾತ್ರ ರಸ್ತೆಯ ತನಕ ಬಂದು ಅವ್ವನ ಗಂಟು ಹೊತ್ತಳು. "ಹೋಗಿ ಬಾ. ಕಾಫಿ ಪಿಕ್ಕಿಂಗಿಗೆ ನಾನೂ ಅತ್ಲಾಗೆ ಬತ್ತೀನಿ. ಇನ್ನು ನನ್ನ ಯಾರು ತಡೀತಾರೆ, ಮಡಕೆ ತುಂಬೈತೆ" ಎಂದಳು. ಮುಂದಿನ ವರ್ಷ ನಿಜವಾಗಿಯೂ ಬಂದಳು. ಕೇರಿಯ ಇನ್ನೂ ಕೆಲವರನ್ನು ಕರೆದುಕೊಂಡು ಬಂದಳು.

ನಾವು ಹೋಗಿ ಸೇರಿದ್ದು ತಿತಿಮತಿಯ ಕಡೆಯ ಒಂದು ಎಸ್ಟೇಟಿನ ಲೈನು, ಕೂಲಿಯವರ ಸಾಲುಮನೆ. ನಮ್ಮ ಪಕ್ಕದ ಗುಡಿಸಲುಗಳಲ್ಲಿ ಎರವರಿದ್ದರು. ಒಡೆಯರ ಗದ್ದೆಯಿಂದ ಗದ್ದೆಗೆ ಮನೆಮಂದಿಯೊಂದಿಗೆ ಕಳಿಸಲ್ಪಡುತ್ತಿದ್ದವರು; ಹೋಗುವುದಿಲ್ಲ ಎನ್ನಬಹುದೆಂಬುದೇ ಅವರಿಗೆ ಹೊಸ ಮಾತು. ಅವರನ್ನು ಕಂಡ ಮೇಲೆ ನಮ್ಮ ಕಷ್ಟವೇ ದೊಡ್ಡದೆಂದು ನಾನು ಹೇಳಲಾರೆ. ನಾನು ಅಲ್ಲಿಂದಲೇ ಶಾಲೆಗೆ ಹೋದೆ, ಅಲ್ಲೇ ದೊಡ್ಡವಳಾದೆ.

ಅಪ್ಪ ಬಾವಿಯ ಮಾತು ಬಂದರೆ ಸುಮ್ಮನಾಗುತ್ತಿದ್ದರು. ಅವ್ವನ ಕೋಪ ಕೊನೆಯವರೆಗೂ ಆರಲಿಲ್ಲ. "ನಾವು ತೋಡಿದ್ದು, ಅವ್ರು ಕುಡಿಯೋದು" ಎನ್ನುತ್ತಿದ್ದಳು. ಅವರು ಎಂದರೆ ಪಟೇಲರಲ್ಲ, ನಮ್ಮ ಕೇರಿಯವರೇ. ಮರುಕ್ಷಣವೇ, "ಕುಡೀಲಿ ಬುಡು. ಇನ್ಯಾರು ಕುಡೀಬೇಕು?" ಎಂದೂ ಅನ್ನುತ್ತಿದ್ದಳು. ಎರಡೂ ನಿಜವಾದ ಮಾತೇ.

ನಿಮ್ಮ ತಾತ ಹೋಗುವ ಮುಂಚಿನ ವರ್ಷ ನನ್ನನ್ನು ಒಮ್ಮೆ ಆ ಊರಿಗೆ ಕರೆದುಕೊಂಡು ಹೋಗಿದ್ದರು. ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಹುಡುಗಿಯನ್ನು ಈ ಬಾವಿ ಯಾರು ತೋಡಿದ್ದು ಎಂದು ಕೇಳಿದೆ. "ಇದಾ? ಸರ್ಕಾರಿ ಬಾವಿ ಅಜ್ಜಿ, ಸರ್ಕಾರದೋರು ತೋಡ್ಸಿದ್ದು" ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ತಲೆಯಾಡಿಸಿ ಬಂದುಬಿಟ್ಟೆ.

ಆ ಹುಡುಗಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ. ನನ್ನವ್ವನ ಹೆಸರು ದೇವೀರಮ್ಮ. ಊರಿನಲ್ಲಿ ಅವಳನ್ನು ಯಾರೂ ಪೂರ್ತಿ ಹೆಸರಿನಿಂದ ಕರೆದಿರಲಿಲ್ಲ, ನಾನಾದರೂ ಪೂರ್ತಿ ಬರೆಯುತ್ತೇನೆ. ಮಳೆಗಾಲದಲ್ಲಿ ನಮ್ಮ ಕಡೆ ಕಾಗದಕ್ಕೆ ಬೇಗ ಬೂಸ್ಟು ಹಿಡಿಯುತ್ತದೆ. ಈ ಹಾಳೆಗಳನ್ನು ಬೀರುವಿನ ತಳದಲ್ಲಿಡಬೇಡಿ, ಗೋಡೆಗೆ ತಾಗಿಸಬೇಡಿ. ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ ಮೇಲಿನ ಅರೆಯಲ್ಲಿಟ್ಟು, ಬಿಸಿಲು ಬಂದಾಗ ಒಮ್ಮೆ ಹೊರಗೆ ಹರಡಿ. ಬಿಸಿಲಿಗೆ ಹಾಕಿದಾಗ ಪಕ್ಕದಲ್ಲಿ ಯಾರಾದರೊಬ್ಬರು ಕೂತಿರಿ. ಗಾಳಿಗೆ ಒಂದು ಹಾಳೆ ಹಾರಿದರೂ ಅದರಲ್ಲಿರುವವರನ್ನು ಹೇಳಲು ಇನ್ನು ಬೇರೆ ಯಾರೂ ಉಳಿದಿಲ್ಲ.